ಹೆಣದ ದಾರಿ

ನಮ್ಮಪ್ಪನ ಹೆಣ ಗದ್ದೆಯ ಕೆಸರಿಗೆ ಬಿದ್ದಾಗ ಬಸವಂತರಾಯ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ.

"ಲಗೂನ ಎತ್ತ್ರಿ. ಸಸಿ ತುಳದು ಹಾಳಾಗಾಕತ್ತಾವ" ಅಂದ. 

ಆಗಷ್ಟೇ ನಾಟಿ ಹಚ್ಚಿದ ಗದ್ದೆ. ಕೆಸರು ಮೊಣಕಾಲಿನ ತನಕ. ಮುಂದೆ ಹೆಗಲು ಕೊಟ್ಟಿದ್ದ ನನ್ನ ತಮ್ಮ ನಿಂಗರಾಜನ ಕಾಲು ಹೂತುಕೊಂಡಿತು. ಚಟ್ಟ ವಾಲಿತು. ಅಪ್ಪ ಮುಖ ಕೆಳಗಾಗಿ ಬಿದ್ದ. ಹೆಸರು ಪಕೀರಪ್ಪ. ಬಸವಂತರಾಯನ ಅದೇ ಗದ್ದೆಯಲ್ಲಿ ಮೂವತ್ತು ವರ್ಷ ಬದು ಕಡಿದವನು, ನೀರು ಕಟ್ಟಿದವನು. ಅವನ ಬಾಯಿ, ಮೂಗು ತುಂಬ ಕೆಸರು. ಅವ್ವ ಗಾಳೆಮ್ಮ ಅಲ್ಲೇ ಕೂತು ಸೆರಗಿನಿಂದ ಅವನ ಬಾಯಿ ಒರೆಸತೊಡಗಿದಳು. ಒರೆಸಿದಷ್ಟೂ ಕೆಸರು ಬರುತ್ತಿತ್ತು.

ಬಸವಂತರಾಯನ ಮಗ ಚನ್ನು ಬದುವಿನಿಂದ ಇಳಿದು ಬಂದ. ನಮಗೆ ಕೈ ಕೊಡಲು ಬಂದ ಅಂದುಕೊಂಡೆ. ಅವನು ಬಾರುಕೋಲು ಬೀಸಿ ನಿಂಗರಾಜನ ಬೆನ್ನಿಗೆ ಬಾರಿಸಿದ. ಅಪ್ಪನನ್ನು ಮತ್ತೆ ಹೆಗಲಿಗೆ ಏರಿಸಿಕೊಳ್ಳುತ್ತಿದ್ದ ಮಗನ ಬೆನ್ನಿಗೆ. ನಿಂಗರಾಜ ಅಲುಗಾಡಲಿಲ್ಲ. ಅಲುಗಾಡಿದರೆ ಅಪ್ಪ ಮತ್ತೆ ಬೀಳುತ್ತಿದ್ದ. ಚನ್ನುವಿಗೆ ಅದು ಗೊತ್ತಿತ್ತು. ಅದಕ್ಕೇ ಇನ್ನೊಂದು ಬಾರಿಸಿದ.

ನಮ್ಮೂರು ಗೊರೇಬಾಳದಿಂದ ಒಳಗೆ, ಕಾಲುವೆಯ ಕೆಳಗೆ ಇದೆ. ಕೇರಿ ಒಂದು ಕಡೆ, ನಮ್ಮ ಸ್ಮಶಾನ ಇನ್ನೊಂದು ಕಡೆ, ನಡುವೆ ಬಸವಂತರಾಯನ ಗದ್ದೆ. ಊರ ನಕಾಶೆಯಲ್ಲಿ ಆ ಗದ್ದೆಯನ್ನು ಸೀಳಿಕೊಂಡು ಒಂದು ದಾರಿ ಇದೆ. ಸರಕಾರದ ದಾರಿ. ಕಾಲುವೆ ನೀರು ಬಂದ ಕಾಲಕ್ಕೆ ಬಸವಂತರಾಯನ ಅಪ್ಪ ಅದನ್ನು ಉತ್ತು ಗದ್ದೆಗೆ ಸೇರಿಸಿಕೊಂಡ. ಅಂದಿನಿಂದ ನಮ್ಮ ಕೇರಿಯಲ್ಲಿ ಬೇಸಿಗೆಯಲ್ಲಿ ಸತ್ತವರೇ ಪುಣ್ಯವಂತರು. ಉಳಿದವರು ಕೆಸರು ಕುಡಿದು ಮಣ್ಣಿಗೆ ಹೋಗುತ್ತಾರೆ.

ನಾನು ಸುರೇಖಾ, ಸಿಂಧನೂರು ಡಿಪೋದಲ್ಲಿ ಕಂಡಕ್ಟರ್. ಸಿಂಧನೂರು, ಮಸ್ಕಿ, ಲಿಂಗಸುಗೂರು ನನ್ನ ರೂಟು. ಖಾಕಿ ಹಾಕಿಕೊಂಡು ದಿನವಿಡೀ "ಮುಂದ ನಡೀರಿ, ದಾರಿ ಬಿಡ್ರಿ" ಅಂತ ಕೂಗುವವಳು. ಬಸ್ಸಿನಲ್ಲಿ ಎಂಥ ಧಣಿಯಾದರೂ ಸರಿಯುತ್ತಾನೆ. ಊರಲ್ಲಿ ನಮ್ಮಪ್ಪನ ಹೆಣಕ್ಕೆ ಯಾರೂ ಸರಿಯಲಿಲ್ಲ. ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಇದೆ. ಅದನ್ನು ತಣ್ಣಗೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಅಪ್ಪನಿಗೆ ಮಣ್ಣು ಕೊಟ್ಟು ಬಂದ ಸಂಜೆ ಹುಲಿಗೆಮ್ಮ ಆಯಿ ನನ್ನ ಕೈ ಹಿಡಿದುಕೊಂಡಳು. ಅವ್ವನ ನಾಟಿ ಗ್ಯಾಂಗಿನಲ್ಲಿ ಅವಳೇ ಹಿರಿಯಳು. ಅವ್ವನಿಗೆ ಸಸಿ ಹಚ್ಚುವುದನ್ನು ಕಲಿಸಿದವಳು. ಬಗ್ಗಿ ಬಗ್ಗಿ ಅವಳ ಬೆನ್ನು ನೆಟ್ಟಗಾಗುವುದನ್ನೇ ಮರೆತಿತ್ತು.

"ಸುರೇಖಾ, ನನ್ನ ಹಿಂಗ ಒಯ್ಯಬ್ಯಾಡ್ರೀ ಯವ್ವಾ. ಬೇಕಾದ್ರ ಇಲ್ಲೇ ಮನ್ಯಾಗ ತಗ್ಗು ತೋಡಿ ಹಾಕ್ರಿ. ಆ ಕೆಸರಾಗ ಕೆಡವಬ್ಯಾಡ್ರಿ."

"ದಾರಿ ಮಾಡಸ್ತೀನಿ ಆಯಿ" ಅಂದೆ. ಮಾತು ಕೊಟ್ಟುಬಿಟ್ಟೆ.

ಎಂಪಿಗೆ ಪ್ರತಿ ವರ್ಷ ಕೇಂದ್ರದಿಂದ ನಿಧಿ ಬರುತ್ತದೆ, ಅದರಲ್ಲಿ ಒಂದು ಪಾಲು ನಮ್ಮಂಥ ಕೇರಿಗಳಿಗೇ ಖರ್ಚಾಗಬೇಕು ಅಂತ ಡಿಪೋದಲ್ಲಿ ಯೂನಿಯನ್ನಿನವರು ಹೇಳಿದ್ದರು. ಕೇರಿಯಲ್ಲಿ ನಮ್ಮದೊಂದು ಮಹಿಳಾ ಸಂಘ ಇತ್ತು. ಅವ್ವ ಅಧ್ಯಕ್ಷೆ, ನಾನು ಕಾರ್ಯದರ್ಶಿ. ಎಂಪಿ ಸಿಂಧನೂರಿನ ಪ್ರವಾಸಿ ಮಂದಿರಕ್ಕೆ ಬಂದ ದಿನ ಗ್ಯಾಂಗಿನ ಹೆಂಗಸರು ಕೆಲಸ ಬಿಟ್ಟು ನನ್ನ ಜತೆ ಬಂದರು. ಬಾಗಿಲ ಹೊರಗೆ ಬಿಸಿಲಲ್ಲಿ ನಮ್ಮನ್ನು ನಿಲ್ಲಿಸಿದರು. ಒಳಗೆ ಬಸವಂತರಾಯ ಎಂಪಿಯ ಜತೆ ಕೂತು ತಿಂಡಿ ತಿನ್ನುತ್ತಿದ್ದ. ಕಿಟಕಿಯಿಂದ ನಮ್ಮನ್ನು ನೋಡಿದ. ಮತ್ತೆ ತಿಂದ.

ಎಂಪಿಯ ಪಿ.ಎ. ವೀರೇಶ ಹೊರಗೆ ಬಂದು ಅರ್ಜಿ ತಿರುಗಿಸಿ ನೋಡಿದ.

"ಸಂಘದ ಲೆಟರ್‌ಹೆಡ್ಡಿನ ಮ್ಯಾಲ ಐತಿ, ಚಲೋ ಆತು. ಸಂಘದ ಸಭಾದಾಗ ಬರದ ಠರಾವು ಬೇಕು. ಜಾಗ ಸರಕಾರದ್ದು ಅನ್ನೂದಕ್ಕ ನಕಾಶೆ ಬೇಕು. ಖಾಸಗಿ ಜಾಗಕ್ಕ ಈ ರೊಕ್ಕ ಬರೂದಿಲ್ಲ. ಸಾಹೇಬ್ರು ಶಿಫಾರಸು ಮಾಡ್ತಾರ, ಡಿಸಿ ಮಂಜೂರು ಮಾಡ್ತಾರ. ಕೆಲಸ ಇಂಜಿನಿಯರ್ ಕಡಿಂದ ಆಕ್ಕೈತಿ. ಹಾರ ತಂದೀರೇನು?"

"ಹಾರ ಇಲ್ರೀ. ಠರಾವು, ನಕಾಶೆ ಎರಡೂ ತಂದೀನಿ" ಅಂದೆ.

ವೀರೇಶ ನಮ್ಮನ್ನು ಒಳಗೆ ಬಿಟ್ಟ. ಎಂಪಿ ಒಳ್ಳೆಯ ಮಾತಿನ ಮನುಷ್ಯ. ನಮ್ಮ ಕಾಗದ ಓದಿ ಮುಖ ಸಣ್ಣ ಮಾಡಿದ.

"ಸ್ಮಶಾನದ ದಾರಿ ಯಾಕವಾ? ಸಮುದಾಯ ಭವನ ಕೇಳ್ರಿ, ಹೈಮಾಸ್ಟ್ ದೀಪ ಕೇಳ್ರಿ. ಉದ್ಘಾಟನೆ ಮಾಡಾಕೂ ಚಂದ. ಹೆಣದ ದಾರಿ ಮ್ಯಾಗ ನನ್ನ ಹೆಸರು ಹಾಕ್ಸಿದ್ರ ಜನ ಏನಂದಾರು?"

"ಹೆಸರು ಬ್ಯಾಡ್ರೀ ಸಾಹೇಬ್ರ, ದಾರಿ ಸಾಕು" ಅಂದಳು ಅವ್ವ. "ನನ್ನ ಗಂಡನ ಬಾಯಾಗಿನ ಕೆಸರು ನಾ ಒರಸೀನಿ. ನನ್ನ ಬಾಯಾಗಿಂದು ನನ್ನ ಮಕ್ಕಳು ಒರಸೂದು ಬ್ಯಾಡ."

ಎಂಪಿ ಬಸವಂತರಾಯನ ಕಡೆ ನೋಡಿದ. ಬಸವಂತರಾಯ ನಕ್ಕ. "ಮಾಡಿಕೊಡ್ರಿ ಸಾಹೇಬ್ರ. ನಮ್ಮ ಮಂದೀನ ಅವರು" ಅಂದ. ಎಂಪಿ ಸಹಿ ಹಾಕಿದ. ನಮ್ಮ ಹೆಂಗಸರು ಅವನಿಗೆ ಕೈ ಮುಗಿದರು, ಬಸವಂತರಾಯನಿಗೂ ಮುಗಿದರು. ನಾನು ಮುಗಿಯಲಿಲ್ಲ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಆ ನಗು ನನಗೆ ಹಿಡಿಸಲಿಲ್ಲ, ಅಷ್ಟೇ.

ಮಂಜೂರಾತಿ ಬಂತು. ಎರಡನೇ ಬೆಳೆಗೆ ಗದ್ದೆ ಕೆಸರು ಮಾಡಿದ ಸಮಯಕ್ಕೆ ಇಂಜಿನಿಯರ್ ಬಂದ. ಅವ್ವನ ಗ್ಯಾಂಗು ಆ ದಿನ ಪಕ್ಕದ ಊರು ವಳಕಮದಿನ್ನಿಗೆ ನಾಟಿಗೆ ಹೋಗಿತ್ತು. ನಾನು ರಜೆ ಹಾಕಿ ಅವನ ಜತೆ ನಿಂತೆ. ಕೇರಿಯ ಕಡೆಯ ಸರ್ವೇ ಕಲ್ಲಿನಿಂದ ಸ್ಮಶಾನದ ಕಲ್ಲಿನ ತನಕ ಟೇಪು ಹಿಡಿಸಿ, ದಾರಿಯ ಎರಡೂ ಅಂಚಿಗೆ ಬಿದಿರಿನ ಗೂಟ ಹೊಡೆಸಿದ. ಗೂಟದ ತುದಿಗೆ ಕೆಂಪು ಬಣ್ಣ. ಎರಡು ದಿನ ಬಿಟ್ಟು ಗರಸು ಮಣ್ಣು ಸುರಿಯುತ್ತೇವೆ ಅಂದ. ಬಸವಂತರಾಯ ಅವನಿಗೆ ಚಹಾ ಕುಡಿಸಿದ. ನನಗೂ ಒಂದು ಪ್ಲಾಸ್ಟಿಕ್ ಲೋಟ ನೆಲದ ಮೇಲೆ ಇಡಿಸಿದ. ನಾನು ಅದನ್ನು ಮುಟ್ಟಲಿಲ್ಲ. ಮರುದಿನ ನಸುಕಿನಲ್ಲೇ ಡ್ಯೂಟಿ ಇತ್ತು. ಅವ್ವನಿಗೆ ಗೂಟದ ಸುದ್ದಿ ಮುಟ್ಟಿಸದೆ ಅಲ್ಲಿಂದಲೇ ಸಿಂಧನೂರಿಗೆ ಹೋಗಿ ಡಿಪೋದಲ್ಲೇ ಮಲಗಿದೆ.

ಮರುದಿನ ಸಂಜೆ ಊರಿಗೆ ಬಂದೆ. ಅಂಗಳದಲ್ಲಿ ಅವ್ವ ನೀರು ಕಾಯಿಸುತ್ತಿದ್ದಳು. ನಾಟಿಯಿಂದ ಬಂದಿದ್ದಳು, ಮೊಣಕೈ ತನಕ ಕೆಸರು ಒಣಗಿತ್ತು. ಒಲೆಯಲ್ಲಿ ಬಿದಿರು ಉರಿಯುತ್ತಿತ್ತು. ಹೊರಗೆ ಚಾಚಿದ ತುದಿಗೆ ಕೆಂಪು ಬಣ್ಣ.

"ಯವ್ವಾ, ಈ ಗೂಟ ಎಲ್ಲೀವು?"

"ಧಣ್ಯಾರ ಗದ್ದ್ಯಾಗಿನವು. ಇವತ್ತ ಅಲ್ಲೇ ನಾಟಿ ಇತ್ತು. ಚನ್ನು ಧಣಿ ನಮ್ಮನ್ನ ಒಯ್ಯಾಕ ಟಂಟಂ ಗಾಡಿ ತಗೊಂಡು ನಸುಕಿನ್ಯಾಗ ಬಂದಿದ್ದ. ಈ ಸಲ ಸಾಲು ನಾಟಿ ಅಂದ. ಗದ್ದಿ ತುಂಬ ಗೂಟ ಹೊಡದು ಹಗ್ಗ ಕಟ್ಟಿದ್ದ."

"ನೀವು ಕಿತ್ತಿರಿ?"

"ಕೀಳದ ಏನ ಮಾಡಬೇಕು? ಹಿಂದಕ ಸರಕೋತ ಬಂದಂಗ ಗೂಟ ಕಿತ್ತು ಬದುವಿಗೆ ಒಗೀತೀವಿ. ಬಿಟ್ರ ಕಾಲಿಗೆ ಚುಚ್ಚತಾವ. ಗೂಟ ಒಯ್ರಿ, ಒಲಿಗೆ ಆಕ್ಕಾವ ಅಂದ ಚನ್ನು. ಎಲ್ಲಾರೂ ಒಂದೊಂದು ಹೊರಿ ತಂದೀವಿ."

ನಾಟಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ನಾಟಿ ಹಚ್ಚುವವರು ಮುಂದಕ್ಕೆ ನಡೆಯುವುದಿಲ್ಲ. ಬಗ್ಗಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಎದುರಿಗೆ ಸಸಿ ಕಾಣುತ್ತದೆ, ಬೆನ್ನ ಹಿಂದೆ ಏನಿದೆ ಕಾಣುವುದಿಲ್ಲ. ಗುತ್ತಿಗೆ ಹಿಡಿದ ಕೆಲಸ, ತಲೆ ಎತ್ತಲು ಪುರಸೊತ್ತಿಲ್ಲ. ಹಿಮ್ಮಡಿಗೆ ಗೂಟ ತಾಕಿತೋ, ಕಿತ್ತು ಎಸೆ. ಚನ್ನು ದಾರಿಯ ಗೂಟಗಳ ನಡುವೆ ಅಂಥವೇ ತನ್ನ ಗೂಟ ಬೆರೆಸಿಟ್ಟಿದ್ದ. ನಮ್ಮ ಹೆಂಗಸರ ಕೈಯಿಂದಲೇ ನಮ್ಮ ದಾರಿ ಕೀಳಿಸಿ, ನಮ್ಮ ಕೈಯಿಂದಲೇ ಅದರ ಮೇಲೆ ಭತ್ತ ಹಚ್ಚಿಸಿದ್ದ. ನಮ್ಮ ಒಲೆಯಲ್ಲೇ ಅದನ್ನು ಸುಡಿಸಿದ್ದ.

ಅವ್ವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಒಲೆಗೆ ಕೈ ಹಾಕಿ ಉರಿಯುವ ಗೂಟ ಎಳೆದಳು. ಅಂಗೈ ಸುಟ್ಟಿತು. ಆಮೇಲೆ ಎದ್ದು ಹೋಗಿ ಒಳಕಲ್ಲಿನ ಮೇಲೆ ಎರಡೂ ಕೈ ಬಡಿದುಕೊಂಡಳು. ಬೆರಳ ಗೆಣ್ಣು ಒಡೆದು ರಕ್ತ ಬಂತು. "ಈ ಕೈ ಸೇದಿ ಹೋಗ್ಲಿ, ಈ ಕೈ ಸೇದಿ ಹೋಗ್ಲಿ" ಅನ್ನುತ್ತಿದ್ದಳು. ನಾನೂ ನಿಂಗರಾಜನೂ ಸೇರಿ ಹಿಡಿದುಕೊಳ್ಳಬೇಕಾಯಿತು.

ಮರುದಿನವೇ ಇಂಜಿನಿಯರ್ ಹತ್ತಿರ ಹೋದೆ. ಅವನು ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಚನ್ನು ತೆಗೆದದ್ದು. ನಮ್ಮ ಹೆಂಗಸರು ನಗುತ್ತಾ ಮಾತಾಡುತ್ತಾ ಕೆಂಪು ಗೂಟ ಕಿತ್ತು ಎಸೆಯುತ್ತಿದ್ದಾರೆ. ಅದರಲ್ಲಿ ಹುಲಿಗೆಮ್ಮ ಆಯಿಯೂ ಇದ್ದಳು.

"ನಿಮ್ಮ ಮಂದೀನ ಬ್ಯಾಡ ಅಂತ ಕಿತ್ತಾರ. ಫಲಾನುಭವಿಗಳ ವಿರೋಧ ಐತಿ ಅಂತ ಬರದೀನಿ. ನಾ ಏನ ಮಾಡ್ಲಿ?"

"ಗೂಟ ಹೊಡದಾಗ ನಾನ ನಿಂತಿದ್ನಲ್ರೀ. ಮತ್ತ ಹೊಡೀರಿ."

"ಬೆಳಿ ಐತಿ ಈಗ. ಬೆಳಿ ಮ್ಯಾಗ ಗರಸು ಹಾಕಾಕ ಬರೂದಿಲ್ಲ."

ಪಿ.ಎ. ವೀರೇಶನಿಗೆ ಫೋನು ಮಾಡಿದೆ. ಅವನಿಗೂ ವಿಡಿಯೋ ಹೋಗಿತ್ತು. ಸಾಹೇಬರು ಬೇಜಾರು ಮಾಡಿಕೊಂಡಿದ್ದಾರೆ ಅಂದ. ನಿಧಿ ವಾಪಸ್ ಹೋಗಬಾರದು ಅಂತ ದಾರಿಯನ್ನು ಸ್ವಲ್ಪ ಆಚೆ ತೆಗೆದುಕೊಂಡಿದ್ದಾರೆ ಅಂದ. ಸ್ವಲ್ಪ ಆಚೆ ಅಂದರೆ ಬಸವಂತರಾಯನ ರೈಸ್‌ಮಿಲ್ಲಿನ ಗೇಟಿಗೆ. ಟಾರು ರಸ್ತೆಯಿಂದ ಮಿಲ್ಲಿನ ತನಕ ದಪ್ಪ ಕಾಂಕ್ರೀಟು ಬಿತ್ತು. ಲಾರಿ ಓಡಾಡಿದವು. ಗೇಟಿನ ಪಕ್ಕ ಬೋರ್ಡು ನಿಂತಿತು: ಪರಿಶಿಷ್ಟ ಜಾತಿ ಕಾಲೊನಿ ಸ್ಮಶಾನ ರಸ್ತೆ, ಸಂಸದರ ನಿಧಿ. ಈಗ ಎಂಪಿಯ ಹೆಸರೂ ಇತ್ತು. ಅಕ್ಕಿ ಲಾರಿಗೆ ಅದೇನೂ ಅಪಶಕುನ ಅನ್ನಿಸಲಿಲ್ಲ.

ನಾನು ಮೇಲಿನವರಿಗೆಲ್ಲ ಬರೆದೆ. ಉತ್ತರ ಬರಲಿಲ್ಲ. ಭತ್ತದ ತೆನೆ ಹಾಲುಗಟ್ಟಿದ ವಾರ ಹುಲಿಗೆಮ್ಮ ಆಯಿ ಸತ್ತಳು.

ಗದ್ದೆಯಲ್ಲಿ ನೀರು ನಿಂತಿತ್ತು. ಬೆಳಿಗ್ಗೆ ಆಯಿಗೆ ಎರೆದು, ಹೊಸ ಸೀರೆ ಉಡಿಸಿ, ಚಟ್ಟ ಕಟ್ಟುತ್ತಿದ್ದೆವು. ಬಸವಂತರಾಯನ ಆಳು ಬಂದು ಹೇಳಿದ. "ಧಣ್ಯಾರು ಹೇಳ್ಯಾರ. ಗದ್ದ್ಯಾಗ ಕಾಲಿಟ್ರ ಕಾಲು ಮುರೀತೀವಿ. ಸ್ಮಶಾನ ರಸ್ತೆ ಅಂತ ಬೋರ್ಡ ಐತಲ್ಲ, ಅದರ ಮ್ಯಾಗ ಒಯ್ರಿ."

ಆ ರಸ್ತೆ ಊರಿನ ಇನ್ನೊಂದು ತುದಿಗೆ ಹೋಗುತ್ತದೆ. ಮಿಲ್ಲಿನ ಗೇಟಿಗೆ ಹೋಗಿ ಮುಗಿಯುತ್ತದೆ. ಯಾರೋ ದಂಡೆ ಹಿಡಿದು ಸುತ್ತು ಹಾಕಿ ಕಾಲುವೆ ದಾಟಿ ಹೋಗೋಣ, ಕತ್ತು ತನಕ ನೀರಾದರೂ ಪರವಾಗಿಲ್ಲ ಅಂದರು. ನಿಂಗರಾಜ ಚಟ್ಟಕ್ಕೆ ಹೆಗಲು ಕೊಟ್ಟ.

"ಇಳಸ್ರಿ" ಅಂದಳು ಅವ್ವ.

ಗೂಟ ಕಿತ್ತ ದಿನದಿಂದ ಅವಳು ಹೆಚ್ಚು ಮಾತಾಡಿರಲಿಲ್ಲ. ಎಲ್ಲರೂ ಅವಳನ್ನೇ ನೋಡಿದರು.

"ಆಯೀನ ಇಳಸ್ರಿ. ಮೊದಲ ದಾರಿ, ಆಮ್ಯಾಲ ಹೆಣ. ಸುರೇಖಾ, ಆ ಗೆರಿ ಕಂಡಾಕಿ ನೀ ಒಬ್ಬಾಕೀನ. ಎಲ್ಲಿಂದ ಎಲ್ಲಿಗಿ ಐತಿ ತೋರ್ಸು."

ನಾಟಿ ಹಗ್ಗದ ಒಂದು ತುದಿ ನಾನು ಹಿಡಿದು ಕೇರಿಯ ಕಡೆಯ ಸರ್ವೇ ಕಲ್ಲಿನ ಮೇಲೆ ನಿಂತೆ. ಇನ್ನೊಂದು ತುದಿ ಹಿಡಿದು ನಿಂಗರಾಜ ಗದ್ದೆ ದಾಟಿ ಸ್ಮಶಾನದ ಕಲ್ಲು ಸೇರಿದ. ಹಗ್ಗ ಬಿಗಿಯಾಯಿತು. ಹೆಂಗಸರು ಸೀರೆ ಕಚ್ಚೆ ಹಾಕಿ ಇಳಿದರು. ಯಾರೋ ಕುಡಗೋಲು ತಂದಿದ್ದರು. "ಅದು ಬ್ಯಾಡ" ಅಂದಳು ಅವ್ವ. "ಕೈಲೆ ಹಚ್ಚೀವಿ, ಕೈಲೆ ಕೀಳೋಣು."

ಬಗ್ಗಿದರು. ಹೇಗೆ ಹಚ್ಚಿದ್ದರೋ ಹಾಗೆಯೇ ಕಿತ್ತರು. ಬುಡ ಹಿಡಿದು ತಿರುವಿ ಎಳೆದು, ಕಿತ್ತ ಪೈರನ್ನು ಅಡ್ಡಡ್ಡ ಕೆಸರಿನ ಮೇಲೆ ಹಾಸಿ ತುಳಿದರು. ಕಾಲು ಹೂಳದಂತೆ ಗಟ್ಟಿಯಾಯಿತು. ಹಾಲುಗಟ್ಟಿದ ತೆನೆ ಕಾಲ ಕೆಳಗೆ ಒಡೆದು ಬಿಳಿ ಹಾಲು ಕೆಸರಿಗೆ ಇಳಿಯುತ್ತಿತ್ತು. ಉಸಿರು ಬಿಡುವ ಸದ್ದು, ಬೇರು ಕೀಳುವ ಸದ್ದು, ಅಷ್ಟೇ.

ಗದ್ದೆಯ ಅರ್ಧಕ್ಕೆ ಬಂದಾಗ ಚನ್ನು ಬಂದ. ಕಬ್ಬಿಣದ ಹಲ್ಲಿನ ಗಾಲಿ ಹಾಕಿದ ಟ್ರ್ಯಾಕ್ಟರು, ಬಡಿಗೆ ಹಿಡಿದ ಇಬ್ಬರು ಆಳುಗಳು. ಬದು ಒಡೆದುಕೊಂಡು ನೇರ ಹೆಂಗಸರ ಮೇಲೆ ಓಡಿಸಿದ. ಇಬ್ಬರು ಹಾರಿ ಪಕ್ಕಕ್ಕೆ ಬಿದ್ದರು. ಅವ್ವ ಸರಿಯಲಿಲ್ಲ. ಎದ್ದು ನೆಟ್ಟಗೆ ನಿಂತಳು. ಗಾಲಿ ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತು.

"ಮ್ಯಾಲ ಏರಸು" ಅಂದಳು. "ಎರಡೂ ಹೆಣ ಕೂಡೇ ಒಯ್ತಾರ."

ಚನ್ನು ಕೆಳಗೆ ಹಾರಿದ. ಕೈಯಲ್ಲಿ ಸಲಾಕೆ. ಜಾತಿ ಹಿಡಿದು, ತಾಯಿ ಹಿಡಿದು ಬೈದ. "ಹೊಲೇರ ಹೆಣಕ್ಕ ನಮ್ಮ ಅನ್ನ ತುಳೀತಿಯೇನ" ಅಂತ ಬೀಸಿದ. ತಲೆಗೆ ಬೀಳಬೇಕಿತ್ತು. ಅವ್ವ ಕೈ ಅಡ್ಡ ಕೊಟ್ಟಳು. ಎಲುಬು ಮುರಿದ ಸದ್ದು ನನಗೆ ಸರ್ವೇ ಕಲ್ಲಿನ ತನಕ ಕೇಳಿಸಿತು. ಅವಳು ಮಂಡಿಯೂರಿ ಕುಸಿದಳು. ಬಲಗೈ ಜೋತು ಬಿತ್ತು. ಆಮೇಲೆ ಎಡಗೈ ಮುಂದೆ ಚಾಚಿ ಮುಂದಿನ ಪೈರಿನ ಬುಡ ಹಿಡಿದು ಕಿತ್ತಳು.

ಅವಳು ಆ ಒಂದು ಪೈರು ಕಿತ್ತಿರದಿದ್ದರೆ ನಾವು ಓಡಿಹೋಗುತ್ತಿದ್ದೆವೋ ಏನೋ.

ನಾನು ಹಗ್ಗ ಕೈಬಿಟ್ಟು ಓಡಿದೆ. ಅಷ್ಟರಲ್ಲಿ ಹೆಂಗಸರು ಚನ್ನುವಿನ ಮೇಲೆ ಬಿದ್ದಿದ್ದರು. ಒಬ್ಬಳು ಕಾಲು ಎಳೆದಳು. ಒಬ್ಬಳು ಸಲಾಕೆ ಹಿಡಿದ ಕೈ ಕಚ್ಚಿದಳು, ಮಾಂಸ ಬರುವ ಹಾಗೆ. ಅವನು ಕೆಸರಿಗೆ ಮುಖ ಕೊಟ್ಟು ಬಿದ್ದ. ನಾನು ಅವನ ಬೆನ್ನಿನ ಮೇಲೆ ಕೂತೆ. ಕತ್ತು ಹಿಡಿದು ಒತ್ತಿದೆ. ಬೂಟಿನ ಕಾಲು ಬಡಿದವು. ಕೆಸರಿನಲ್ಲಿ ಗುಳ್ಳೆ ಎದ್ದವು. ಅಪ್ಪನ ಬಾಯಿ ನೆನಪಾಯಿತು. ಇನ್ನೂ ಒತ್ತಿದೆ. ನನಗೆ ಹಿತವಾಯಿತು. ಸುಳ್ಳು ಯಾಕೆ ಹೇಳಲಿ, ಸಾಯಲಿ ಅಂತಲೇ ಒತ್ತಿದೆ.

ಆ ಕಡೆ ನಿಂಗರಾಜ, ಕೇರಿಯ ಹುಡುಗರು ಆಳುಗಳ ಮೇಲೆ ಬಿದ್ದಿದ್ದರು. ಒಂದು ಬಡಿಗೆ ನಿಂಗರಾಜನ ನೆತ್ತಿ ಸೀಳಿತ್ತು. ರಕ್ತ ಕಣ್ಣಿಗೆ ಇಳಿದು ಕುರುಡನಂತೆ ಕೈ ಬೀಸುತ್ತಿದ್ದ. ಬಡಿಗೆ ಕಸಿದುಕೊಂಡದ್ದೇ ಆಳುಗಳು ಬದು ಹಾರಿ ಓಡಿದರು.

"ಸುರೇಖಾ, ಬಿಡು ಅವನ್ನ" ಅಂದಳು ಅವ್ವ.

ನಾನು ಬಿಡಲಿಲ್ಲ.

"ಬಿಡಬೇ. ಇವತ್ತ ಒಂದ ಹೆಣ ಸಾಕು. ಆಯಿ ಕಾಯಾಕತ್ಯಾಳ."

ಕೂದಲು ಹಿಡಿದು ಅವನ ತಲೆ ಎತ್ತಿದೆ. ಕೆಮ್ಮಿದ. ಕೆಸರು ಕಾರಿದ. ಮೂಗಿನಿಂದ ರಕ್ತ ಬಂತು. ತೆವಳಿಕೊಂಡು ಹೋಗಿ ಟ್ರ್ಯಾಕ್ಟರಿನ ಗಾಲಿಗೆ ಒರಗಿ ಕೂತ. ಯಾರೂ ಅವನ ಬಾಯಿ ಒರೆಸಲಿಲ್ಲ. ಹೆಂಗಸರು ಮತ್ತೆ ಬಗ್ಗಿದರು. ಅವ್ವನ ಕೈಗೆ ನನ್ನ ದುಪಟ್ಟಾ ಬಿಗಿದು ಕಟ್ಟಿದೆ. ಅವಳು ಎಡಗೈಯಲ್ಲೇ ಕೊನೆಯ ತನಕ ಕಿತ್ತಳು.

ಆಯಿಯನ್ನು ತಂದೆವು. ಹಾಸಿದ ಪೈರಿನ ಮೇಲೆ ಕಾಲಿಟ್ಟು ನಾಲ್ಕು ಮಂದಿ ನಡೆದರು. ರಕ್ತ ಒರೆಸಿಕೊಳ್ಳುತ್ತಾ ನಿಂಗರಾಜ ಮುಂದೆ. ಚಟ್ಟ ವಾಲಲಿಲ್ಲ.

ನಾವು ಅರ್ಧ ದಾರಿಯಲ್ಲಿದ್ದಾಗ ಪೊಲೀಸ್ ಜೀಪು ಬಂತು. ಜೀಪು ಮಿಲ್ಲಿನ ತನಕ ಕಾಂಕ್ರೀಟಿನ ಮೇಲೆ ಬಂದು ಅಲ್ಲೇ ನಿಂತಿತು. ಪಿಎಸ್‌ಐ ಬೂಟು ತೋಯಿಸಿಕೊಂಡು ಬದು ಹಿಡಿದು ಬಂದ. ಹಿಂದೆ ಬಸವಂತರಾಯ.

"ಹೆಣ ಇಳಸ್ರಿ" ಅಂದ ಪಿಎಸ್‌ಐ. "ಬೆಳಿ ನಾಶ ಮಾಡೀರಿ, ಕೊಲಿ ಮಾಡಾಕ ನೋಡೀರಿ. ಎಲ್ಲಾರೂ ಠಾಣಾಕ್ಕ ನಡೀರಿ."

ಹೊತ್ತವರು ನಿಲ್ಲಲಿಲ್ಲ. ಅವ್ವ ಅವನ ಪಕ್ಕದಲ್ಲೇ ಹಾದು ಹೋದಳು, ಮುರಿದ ಕೈ ಎದೆಗೆ ಕಟ್ಟಿಕೊಂಡು.

"ಮಣ್ಣು ಕೊಟ್ಟು ಬರ್ತೀವ್ರಿ ಸಾಹೇಬ್ರ. ಅಲ್ಲಿ ತನಕ ಜೀಪಿನ್ಯಾಗ ಜಾಗ ಮಾಡ್ರಿ. ಬಾಳ ಮಂದಿ ಅದೀವಿ."

ಮಣ್ಣು ಕೊಟ್ಟು ಹೋದೆವು. ಠಾಣೆಯಲ್ಲಿ ಅವ್ವನ ಮುರಿದ ಕೈಗೇ ಲಾಠಿ ಊರಿ "ಯಾರು ಹೇಳಿಕೊಟ್ಟರು" ಅಂತ ಕೇಳಿದರು. ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಬಡಿದರು. ನಮ್ಮ ದೂರು ತೆಗೆದುಕೊಳ್ಳಲು ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ನಮ್ಮ ಮಂದಿ ಬಂದು ಠಾಣೆಯ ಮುಂದೆ ಕೂರಬೇಕಾಯಿತು. ಜೈಲು ಕಂಡೆವು, ಜಾಮೀನು ಸಿಕ್ಕಿತು. ನನ್ನ ನೌಕರಿ ಅಮಾನತಿನಲ್ಲಿದೆ. ಅವ್ವನ ಕೈ ಸೊಟ್ಟಗೆ ಕೂಡಿಕೊಂಡಿದೆ, ಆ ಕೈಯಲ್ಲಿ ಇನ್ನು ಸಸಿ ಹಚ್ಚಲು ಆಗುವುದಿಲ್ಲ. ವೀರೇಶ ಒಮ್ಮೆ ಫೋನು ಮಾಡಿ, ಸಂಘದಿಂದ ಹೊಸ ಅರ್ಜಿ ಕೊಡಿ, ಸಾಹೇಬರು ಸಮುದಾಯ ಭವನ ಕೊಡಲು ತಯಾರಿದ್ದಾರೆ ಅಂದ. ನಾನು ಅವನಿಗೆ ಅಂದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಈ ಹಂಗಾಮಿಗೆ ನಮ್ಮ ಕೇರಿಯಿಂದ ಬಸವಂತರಾಯನ ಗದ್ದೆಗೆ ಯಾರೂ ಹೋಗಲಿಲ್ಲ. ಅವನು ಮಸ್ಕಿ ಕಡೆಯ ಗ್ಯಾಂಗು ಕರೆಸಿದ. ಅದರ ಮುಖ್ಯಸ್ಥೆ ಮೆಹಬೂಬ್‌ಬೀ ಅನ್ನುವ ದಪ್ಪ ಹೆಂಗಸು. ಅವಳಿಗೂ ನಮಗೂ ಗುರುತಿಲ್ಲ. ಇಡೀ ಗದ್ದೆಗೆ ಟ್ರ್ಯಾಕ್ಟರಿನ ರೋಟರ್ ಹೊಡೆಸಿ ಕೆಸರು ಮಾಡಿಸಿದ್ದ, ದಾರಿಯ ಗುರುತೂ ಉಳಿದಿರಲಿಲ್ಲ. ಅವ್ವ ಬೆಳಿಗ್ಗೆಯೇ ಹೋಗಿ ಕೆಸರಿಗೆ ಇಳಿದು ಸರ್ವೇ ಕಲ್ಲಿನ ನೇರಕ್ಕೆ ದಾರಿಯ ಜಾಗದಲ್ಲಿ ನಿಂತಳು. ಯಾರು ಬೈದರೂ ಕದಲಲಿಲ್ಲ. ನಾನು ಅವಳ ಹಿಂದೆ ನಿಂತೆ. ನಮ್ಮ ಹಿಂದೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸ್ಮಶಾನದ ತನಕ ಸಾಲಾಗಿ ನಿಂತರು.

ಮೆಹಬೂಬ್‌ಬೀಯ ಗ್ಯಾಂಗು ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ನಮ್ಮ ಹತ್ತಿರ ಬಂತು. ಅವಳ ಬೆನ್ನು ಅವ್ವನಿಗೆ ತಾಕಿತು. ಎದ್ದು ತಿರುಗಿ ನೋಡಿದಳು. ಅವ್ವನ ಸೊಟ್ಟ ಕೈ ನೋಡಿದಳು.

"ಇಲ್ಲಿ ಏನೈತಕ್ಕಾ?"

"ದಾರಿ ಐತವಾ."

"ಯಾರ್ದು?"

"ನಮ್ಮ ಸತ್ತೋರ್ದು."

ಮೆಹಬೂಬ್‌ಬೀ ಸಸಿಯ ಕಟ್ಟು ತಲೆಗೆ ಏರಿಸಿಕೊಂಡು ನಮ್ಮ ಸಾಲಿನ ನಡುವೆ ದಾಟಿ ಆಚೆ ಬದಿಗೆ ಹೋಗಿ ಬಗ್ಗಿದಳು. ಅವಳ ಗ್ಯಾಂಗು ಅವಳ ಹಿಂದೆಯೇ ದಾಟಿತು.

"ಏ, ಅಲ್ಲೂ ಹಚ್ಚ್ರಿ. ಇಡೀ ಗದ್ದಿ ಗುತ್ತಿಗೆ ಹಿಡದೀರಿ" ಅಂತ ಬಸವಂತರಾಯ ಕೂಗಿದ.

"ದಾರ್ಯಾಗ ನಾವು ಹಚ್ಚೂದಿಲ್ರೀ ಧಣಿ" ಅಂದಳು ಮೆಹಬೂಬ್‌ಬೀ, ತಲೆ ಎತ್ತದೆ. "ಬೇಕಾದ್ರ ನೀವ ಇಳದು ಹಚ್ಚ್ರಿ."

ಅವನು ಇಳಿಯಲಿಲ್ಲ. ಸಸಿ ಇಲ್ಲದ ಆ ದಾರಿಯ ಸಾಲು ಹಾಗೇ ಇದೆ.